ಬಾಕಿ ಉಳಿದಿದ್ದ ಒಂದು ಮೆಸೇಜು

ನಮ್ಮ ಆಫೀಸಿನ ಸರ್ವರ್ ಎರಡು ವರ್ಷ ಎರಡು ತಿಂಗಳು ಒಂದು ಸಲವೂ ಆಫ್ ಆಗಿರಲಿಲ್ಲ. ಕರೆಂಟು ಹೋದರೆ ಯುಪಿಎಸ್ ಇತ್ತು, ಯುಪಿಎಸ್ ಸುಸ್ತಾದರೆ ಕೆಳಗಿನ ಕ್ಲಿನಿಕ್ಕಿನವರ ಜನರೇಟರ್ ಇತ್ತು. ಇದನ್ನು ನಾನು ಸಿಕ್ಕಸಿಕ್ಕವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. ಎರಡು ವರ್ಷ ಆಫ್ ಆಗದ ಮಷಿನ್ ಅಂದರೆ ಎರಡು ವರ್ಷ ಯಾರೂ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡದ ಮಷಿನ್ ಎಂದೂ ಅರ್ಥ. ಅಷ್ಟು ಸಣ್ಣ ವಿಷಯ ನನ್ನ ದಪ್ಪ ತಲೆಗೆ ಹೊಳೆದದ್ದು ದುರ್ಗಮ್ಮ ಹೋದ ಮೇಲೆ.

ಆಫೀಸು ಅಂದರೆ ವಿನೋಬನಗರದಲ್ಲಿ ಆ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ. ಮಾಲೀಕರು ವೀರಪ್ಪನವರು. ಕೆಲಸಕ್ಕೆ ನಾನೊಬ್ಬ. ಹೆಸರು ಜ್ಞಾನೇಶ್, ವಯಸ್ಸು ನಲವತ್ನಾಲ್ಕು, ಸಿಟ್ಟು ಮೂಗಿನ ತುದಿಯಲ್ಲಿ. ನಮ್ಮದು ಜನರ ಮೊಬೈಲಿಗೆ ಮೆಸೇಜ್ ಕಳಿಸುವ ಕೆಲಸ. ಮಂಡಿಯವರ ಅಡಿಕೆ ರೇಟು, ಶಾಲೆಯವರ ರಜೆ, ಬಂಗಾರದಂಗಡಿಯವರ ಹಬ್ಬದ ಶುಭಾಶಯ ಎಲ್ಲವೂ ನಮ್ಮ ಸರ್ವರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಗೇಟ್‌ವೇ ಅನ್ನುವ ಒಂದು ಪ್ರೋಗ್ರಾಮು ಅವನ್ನು ಒಂದೊಂದಾಗಿ ತೆಗೆದು ಮೊಬೈಲ್ ಕಂಪನಿಗೆ ದಾಟಿಸುತ್ತದೆ. ಗೇಟ್‌ವೇ ನಿಂತರೆ ಎಲ್ಲವೂ ಸಾಲಿನಲ್ಲೇ ಕೊಳೆಯುತ್ತಾ ಬಿದ್ದಿರುತ್ತವೆ.

ಇವುಗಳ ನಡುವೆ ಭದ್ರಾವತಿ ನ್ಯೂ ಟೌನಿನ ಒಂದು ಸಣ್ಣ ಡಯಾಲಿಸಿಸ್ ಸೆಂಟರಿನ ಮೆಸೇಜುಗಳೂ ಇದ್ದವು. ಅದನ್ನು ವೀರಪ್ಪನವರು ಪುಣ್ಯಕ್ಕೆಂದು ಪುಕ್ಕಟೆ ಮಾಡಿಕೊಡುತ್ತಿದ್ದರು. ಕಿಡ್ನಿ ಕೆಟ್ಟವರು ವಾರಕ್ಕೆರಡು ಸಲ ಅಲ್ಲಿಗೆ ಬಂದು, ನಾಲ್ಕು ಗಂಟೆ ಮಷಿನ್ನಿನ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಹೋಗಬೇಕು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಮೊದಲೆಲ್ಲ ಸರದಿ ಬದಲಾದ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಇನ್ನೇನೋ ಆಗಿ, ನಿಲ್ಲಲು ತ್ರಾಣವಿಲ್ಲದವರು ಸುಮ್ಮನೆ ಬಂದು ವಾಪಸು ಹೋಗುತ್ತಿದ್ದರು. ಅದನ್ನು ತಪ್ಪಿಸಲಿಕ್ಕೇ ನಾವು ಬಂದದ್ದು.

ವ್ಯವಸ್ಥೆ ಶುರುವಾದ ದಿನ ನಾನೇ ಹೋಗಿ ರೋಗಿಗಳನ್ನೆಲ್ಲ ಕೂರಿಸಿಕೊಂಡು ಭಾಷಣ ಬಿಗಿದಿದ್ದೆ. "ನೋಡಿ, ಇನ್ಮೇಲೆ ಯಾರು ಏನೇ ಹೇಳ್ಲಿ, ನಂಬಬೇಡಿ. ಮೆಸೇಜ್ ಬಂತಾ, ಅದರಲ್ಲಿ ಹೇಳಿದ ಹೊತ್ತಿಗೆ ಬನ್ನಿ. ಅಷ್ಟೇ." ಮುಂದಿನ ಕುರ್ಚಿಯಲ್ಲಿ ದುರ್ಗಮ್ಮ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಗಂಡ ಕಾಗದದ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದವನು, ತೀರಿಹೋಗಿದ್ದ. ಓಲ್ಡ್ ಟೌನಿನಲ್ಲಿ ಒಬ್ಬಳೇ ಇದ್ದಳು. ಗುಂಡಿಯ ಫೋನನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದಳು. ಓದು ಬರುತ್ತಿರಲಿಲ್ಲ, ಟಿಣ್ ಅಂದ ಕೂಡಲೆ ಪಕ್ಕದಲ್ಲಿದ್ದವರಿಗೆ ಹಿಡಿಯುತ್ತಿದ್ದಳು. ಮೊದಲ ಪರೀಕ್ಷೆಯ ಮೆಸೇಜನ್ನು ನಾನು ಅವಳ ಫೋನಿಗೇ ಕಳಿಸಿದೆ. ಸೆಂಟರಿನ ನರ್ಸ್ ದಿವ್ಯಶ್ರೀ ಓದಿ ಹೇಳಿದಳು: "ಇದು ಪರೀಕ್ಷೆ. ದುರ್ಗಮ್ಮನವರೇ, ಊಟ ಆಯ್ತಾ?"

ದುರ್ಗಮ್ಮ ಫೋನನ್ನು ಬಾಯಿಯ ಹತ್ತಿರ ತಂದುಕೊಂಡು, "ಇನ್ನೂ ಇಲ್ಲ ಸಾಮಿ" ಅಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಆಮೇಲೆ ಯಾವಾಗ ಭದ್ರಾವತಿಗೆ ಹೋದರೂ ನಾನು ಕೇಳುತ್ತಿದ್ದದ್ದು ಅದೇ ಪ್ರಶ್ನೆ, ಅವಳು ಹೇಳುತ್ತಿದ್ದದ್ದು ಅದೇ ಉತ್ತರ.

ಇನ್ನು ಆಯುಧಪೂಜೆಯ ವಿಷಯ. ವೀರಪ್ಪನವರ ಮನೆತನದಲ್ಲಿ ಆ ದಿನ ಯಾವ ಯಂತ್ರವೂ ಓಡಬಾರದು. ಮಧ್ಯಾಹ್ನ ಎಲ್ಲ ನಿಲ್ಲಿಸಿ, ತೊಳೆದು, ವಿಭೂತಿ ಕುಂಕುಮ ಇಟ್ಟರೆ ಮರುದಿನ ಬೆಳಿಗ್ಗೆ ಇನ್ನೊಂದು ಮಂಗಳಾರತಿ ಆಗುವ ತನಕ ಕೈ ಹಚ್ಚುವ ಹಾಗಿಲ್ಲ. "ಓಡೋ ಮಷಿನ್ನಿಗೆ ಪೂಜೆ ಮಾಡಿದ್ರೆ ಏನು ಫಲ ಮಾರಾಯ? ಅದಕ್ಕೂ ಒಂದಿನ ರೆಸ್ಟ್ ಬೇಡ್ವಾ?" ಅನ್ನುವುದು ಅವರ ಮಾತು. ಸರ್ವರಿಗೆ ರೆಸ್ಟ್ ಬೇಡ ಸರ್ ಎಂದು ವಾದ ಮಾಡಿ ಸೋತಿದ್ದ ನಾನು ಹಿಂದಿನ ಎರಡು ವರ್ಷ ಕಳ್ಳಾಟ ಆಡಿದ್ದೆ. ಪರದೆಯನ್ನಷ್ಟೇ ಆರಿಸಿ, ಡಬ್ಬಕ್ಕೆ ಒಂದು ರೇಷ್ಮೆ ಶಾಲು ಹೊದಿಸಿ ಸುಮ್ಮನಿದ್ದೆ. ವೀರಪ್ಪನವರು ಓಡುತ್ತಿರುವ ಮಷಿನ್ನಿಗೇ ಭಕ್ತಿಯಿಂದ ಕೈ ಮುಗಿದಿದ್ದರು.

ಈ ಸಲ ಅವರ ಹೆಂಡತಿ ಬಸವರಾಜೇಶ್ವರಿಯವರೂ ಪೂಜೆಗೆ ಬಂದರು. ಹೂವು ಇಡಲು ಬಗ್ಗಿದವರು ಹಾಗೇ ನಿಂತು ಕಿವಿಗೊಟ್ಟರು.

"ರೀ, ಇದಿನ್ನೂ ಉಸಿರಾಡ್ತಿದೆಯಲ್ರೀ. ಒಳಗೆ ಫ್ಯಾನ್ ತಿರುಗೋದು ಕೇಳ್ತಿದೆ."

ವೀರಪ್ಪನವರು ನನ್ನನ್ನು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಎರಡು ವರ್ಷದಿಂದ ದೇವರ ಮುಂದೆ ನನ್ನನ್ನ ಪೆದ್ದು ಮಾಡಿದೆಯಲ್ಲ ಜ್ಞಾನೇಶ್" ಅಂದರು. ನನಗೆ ಅವಮಾನವಾಯಿತು. ಅವಮಾನವಾದರೆ ನನಗೆ ಮೊದಲು ಬರುವುದು ಸಿಟ್ಟು. ಸರ್ವರನ್ನು ಕ್ರಮವಾಗಿ ನಿಲ್ಲಿಸಲು ಐದು ನಿಮಿಷ ಬೇಕು. ಕರ್ಪೂರ ಹಚ್ಚಿ ಆಗಿತ್ತು. ನಾನು ಹಿಂದೆ ಕೈ ಹಾಕಿ ಪ್ಲಗ್ಗನ್ನೇ ಕಿತ್ತುಬಿಟ್ಟೆ. "ತಗೊಳ್ಳಿ, ಸತ್ತಿತು" ಅಂದೆ. ಹಬ್ಬದ ದಿನ ಅದೆಂಥ ಮಾತು ಎಂದು ಬಸವರಾಜೇಶ್ವರಿಯವರು ಮುಖ ಸಣ್ಣದು ಮಾಡಿದರು.

ಮರುದಿನ ಗುರುವಾರ, ವಿಜಯದಶಮಿ. ಬೆಳಿಗ್ಗೆ ಏಳಕ್ಕೆ ಮಂಗಳಾರತಿ ಮಾಡಿ ವೀರಪ್ಪನವರೇ ಸ್ವಿಚ್ ಹಾಕಿ ಫೋನ್ ಮಾಡಿದರು. "ಹಸಿರು ದೀಪ ಬಂತು ಮಾರಾಯ. ನೋಡ್ಕೋ." ನಾನು ಹಾಸಿಗೆಯಲ್ಲೇ ಕೂತು ಮೊಬೈಲಿನಿಂದ ಸರ್ವರಿಗೆ ಹೊಕ್ಕು, ಗೇಟ್‌ವೇ ಹೇಗಿದೆ ಎಂದು ಕೇಳಿದೆ. 'ಓಡುತ್ತಿದೆ' ಎಂದು ಉತ್ತರ ಬಂತು. ನಂಬಿದೆ. ಒಂದು ಪರೀಕ್ಷೆಯ ಮೆಸೇಜ್ ಕಳಿಸಿ ನೋಡಬಹುದಿತ್ತು. ಅದಕ್ಕೆ ಅರ್ಧ ನಿಮಿಷ ಸಾಕಿತ್ತು.

ಏಳೂವರೆಗೆ ಭದ್ರಾವತಿಯ ಸೆಂಟರಿನಲ್ಲಿ ನೀರು ಶುದ್ಧ ಮಾಡುವ ಘಟಕ ಕೈ ಕೊಡುವ ಸೂಚನೆ ಕಂಡಿತಂತೆ. ಮಾರನೆಯ ದಿನ ಶುಕ್ರವಾರ ಸೆಂಟರ್ ಮುಚ್ಚಿ ರಿಪೇರಿ ಮಾಡಿಸುವುದು, ಶುಕ್ರವಾರದ ಸರದಿಯವರನ್ನು ಗುರುವಾರವೇ ಕರೆಸುವುದು ಎಂದಾಯಿತು. ದಿವ್ಯಶ್ರೀ ಹದಿನಾಲ್ಕು ಜನರಿಗೆ ಮೆಸೇಜ್ ಹಾಕಿದಳು: "ನಿಮ್ಮ ಸರದಿ ಬದಲಾಗಿದೆ. ಇಂದು ಮಧ್ಯಾಹ್ನ ಎರಡು ಗಂಟೆಗೆ ತಪ್ಪದೇ ಬನ್ನಿ." ಆ ಹದಿನಾಲ್ಕರಲ್ಲಿ ದುರ್ಗಮ್ಮ ಒಬ್ಬಳು. ಅವಳಿಗೆ ಹಿಂದಿನ ಡಯಾಲಿಸಿಸ್ ಆದದ್ದು ಮಂಗಳವಾರ.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ದಿವ್ಯಶ್ರೀ ಫೋನ್ ಮಾಡಿದಾಗ ನಾನು ಕೋಟೆಯ ಗುಡಿಯಲ್ಲಿ ದೇವರ ದರ್ಶನದ ಸಾಲಿನಲ್ಲಿದ್ದೆ.

"ಸರ್, ಐದೇ ಜನ ಬಂದಿದ್ದಾರೆ. ಅವರೂ ಒಬ್ಬರಿಗೊಬ್ಬರು ಹೇಳ್ಕೊಂಡು ಬಂದಿದ್ದು. ಯಾರಿಗೂ ಮೆಸೇಜೇ ಹೋಗಿಲ್ವಂತೆ."

"ಓಡ್ತಿದೆಯಲ್ಲಮ್ಮ, ಬೆಳಿಗ್ಗೆನೇ ನೋಡಿದೀನಿ."

"ಓಡ್ತಿದ್ರೆ ಒಂಬತ್ತು ಜನ ಎಲ್ಲಿ ಸರ್?"

ದಸರಾ ಮೆರವಣಿಗೆಗೆಂದು ರಸ್ತೆಯೆಲ್ಲ ಬಂದ್ ಮಾಡಿದ್ದರು. ಸ್ಕೂಟರನ್ನು ತಳ್ಳಿಕೊಂಡು, ಸಂದಿಗೊಂದಿಗಳಲ್ಲಿ ಹೊಕ್ಕು, ಪೊಲೀಸರ ಹತ್ತಿರ ಬೈಸಿಕೊಂಡು ವಿನೋಬನಗರ ಮುಟ್ಟುವಾಗ ಮೂರೂವರೆ. ಸರ್ವರಿನ ಹಣೆಯ ಮೇಲೆ ವಿಭೂತಿ, ಕುಂಕುಮ, ಬಾಡಿದ ಸೇವಂತಿಗೆ. ಗೇಟ್‌ವೇ ಹೇಗಿದೆ ಎಂದು ಕೇಳಿದೆ. 'ಓಡುತ್ತಿದೆ'. ಹೊಸದಾಗಿ ಶುರು ಮಾಡು ಅಂದೆ. 'ಆಗಲೇ ಓಡುತ್ತಿದೆ'. ಸಾಲು ನೋಡಿದರೆ ಆರು ಸಾವಿರ ಮೆಸೇಜು ಒಂದರ ಬೆನ್ನಿಗೊಂದು ನಿಂತಿವೆ, ಒಂದೂ ಕದಲಿಲ್ಲ. ಸರ್ವರ್ ಆನ್ ಆದಾಗ ಗೇಟ್‌ವೇಯನ್ನು ಎಬ್ಬಿಸಬೇಕಾದ ಸ್ಕ್ರಿಪ್ಟನ್ನು ತೆರೆದು ಸಾಲು ಸಾಲಾಗಿ ಓದಿದೆ. ಬರೆದವನು ನಾನೇ. ಎರಡು ವರ್ಷದ ಹಿಂದೆ ಬರೆದು, ಒಂದು ಸಲವೂ ಓಡಿಸಿ ನೋಡಿರಲಿಲ್ಲ. ಗೇಟ್‌ವೇಯನ್ನು ಅವತ್ತು ಕೈಯಾರೆ ಶುರು ಮಾಡಿ, ಆಮೇಲೆ ನೋಡೋಣ ಎಂದು ಎದ್ದಿದ್ದೆ.

ತಪ್ಪು ಸಿಗಲು ನಲವತ್ತು ನಿಮಿಷ ಬೇಕಾಯಿತು. ಸರ್ವರಿನಲ್ಲಿ ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ನಂಬರು ಇರುತ್ತದೆ. ಗೇಟ್‌ವೇ ಏಳುವಾಗ ತನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಡುತ್ತದೆ, ಮಲಗುವಾಗ ಚೀಟಿಯನ್ನು ಹರಿದು ಹಾಕುತ್ತದೆ. ನಾನು ಪ್ಲಗ್ ಕಿತ್ತಿದ್ದರಿಂದ ಹರಿಯಲು ಪುರಸೊತ್ತೇ ಸಿಕ್ಕಿರಲಿಲ್ಲ. ಬೆಳಿಗ್ಗೆ ಸ್ಕ್ರಿಪ್ಟು ಎದ್ದು ಹಳೆಯ ಚೀಟಿ ನೋಡಿದೆ. ಅದರಲ್ಲಿದ್ದ ನಂಬರು ಈಗ ಗಡಿಯಾರ ಸರಿಪಡಿಸುವ ಇನ್ಯಾವುದೋ ಪ್ರೋಗ್ರಾಮಿಗೆ ಸಿಕ್ಕಿದೆ. ಈ ನಂಬರಿನವನು ಬದುಕಿದ್ದಾನಾ ಎಂದು ಸ್ಕ್ರಿಪ್ಟು ಕೇಳಿದೆ, ಹೌದು ಎಂದು ಉತ್ತರ ಬಂದಿದೆ. ಸರಿ ಹಾಗಾದರೆ ಎಂದು ತೆಪ್ಪಗಾಗಿದೆ. ನಾನು ವಿಚಾರಿಸಿದಾಗಲೂ ಅದೇ ಚೀಟಿ ನೋಡಿ 'ಓಡುತ್ತಿದೆ' ಅಂದಿದೆ. ಯಾರು ಅಂತ ಕೇಳಬೇಕು ಎಂದು ನಾನು ಅದಕ್ಕೆ ಕಲಿಸಿರಲಿಲ್ಲ.

ಚೀಟಿ ಅಳಿಸಿದೆ. ಗೇಟ್‌ವೇ ಎದ್ದಿತು. ಎದ್ದ ತಕ್ಷಣ ಬಂಗಾರದಂಗಡಿಯ ದಸರಾ ಶುಭಾಶಯಗಳನ್ನು ಹಂಚಲು ಹೊರಟಿತು, ಅವುಗಳ ಹಿಂದೆ ಅಡಿಕೆ ರೇಟು. ಎಲ್ಲವನ್ನೂ ತಡೆದು, ಸೆಂಟರಿನ ಹದಿನಾಲ್ಕನ್ನು ಕೈಯಾರೆ ಹೆಕ್ಕಿ ಮುಂದೆ ಹಾಕಿದೆ. ಆಗ ನಾಲ್ಕೂ ಹತ್ತು. ಅತ್ತ ದಿವ್ಯಶ್ರೀ ಒಬ್ಬೊಬ್ಬರಿಗೂ ಫೋನ್ ಹಚ್ಚುತ್ತಿದ್ದಳು. ಐದು ಗಂಟೆಯ ಹೊತ್ತಿಗೆ ಎಂಟು ಜನ ಸಿಕ್ಕರು, ಆಟೊ ಹಿಡಿದು ಹೊರಟರು. ಹದಿಮೂರು ಮೆಸೇಜು ತಲುಪಿದವು. ದುರ್ಗಮ್ಮನ ಫೋನು ಸ್ವಿಚ್ ಆಫ್. ಗೇಟ್‌ವೇ ಐದು ಸಲ ಪ್ರಯತ್ನಿಸಿ ಅವಳ ಮೆಸೇಜನ್ನು 'ಬಾಕಿ' ಎಂದು ಪಕ್ಕಕ್ಕಿಟ್ಟಿತು.

ಸ್ಕೂಟರಿನಲ್ಲೇ ಭದ್ರಾವತಿಗೆ ಹೋದೆ. ಓಲ್ಡ್ ಟೌನಿನಲ್ಲಿ ಅವಳ ಮನೆಗೆ ಬೀಗ. ಪಕ್ಕದ ಮನೆಯ ಚಂದ್ರು ಹೊರಗೆ ತನ್ನ ಆಟೊಗೆ ಕಟ್ಟಿದ್ದ ಬಾಳೆಕಂಬ ಬಿಚ್ಚುತ್ತಿದ್ದ. ವಾರಕ್ಕೆರಡು ಸಲ ಅವಳನ್ನು ಸೆಂಟರಿಗೆ ಬಿಡುತ್ತಿದ್ದವನು ಅವನೇ.

"ಅವ್ವ ತಂಗಿ ಮನೆಗೆ ಹೋಗೈತೆ ಸರ್, ಹೊಳೆಹೊನ್ನೂರ್ ಕಡೆ ಯಾವ್ದೋ ಹಳ್ಳಿ. ನಾಳೆ ಸರದಿ ಐತಲ್ಲ, ಬೆಳಿಗ್ಗೆ ಬಸ್ಸಿಗೆ ಬರ್ತೀನಿ ಅಂದೈತೆ. ಫೋನ್ ಚಾರ್ಜರ್ ಇಲ್ಲೇ ಬಿಟ್ಟೋಗೈತೆ."

ಅಲ್ಲೇ ನಿಂತು ದಿವ್ಯಶ್ರೀಗೆ ಫೋನ್ ಮಾಡಿದೆ. ಶುಕ್ರವಾರ ಹೇಗೂ ಆಗದು, ಶನಿವಾರ ಬೆಳಿಗ್ಗೆ ಆರಕ್ಕೆ ಉಳಿದವರಿಗಿಂತ ಮೊದಲು ಅವಳಿಗೆ ಹಾಕಿಬಿಡ್ತೀನಿ ಅಂದಳು. ಒಂದು ದಿನ ತಡ. ತಡೆದುಕೊಳ್ಳುತ್ತಾಳೆ, ಆದರೆ ನೀರು ಜಾಸ್ತಿ ಕುಡಿಯಬಾರದು, ಮನೆಯಲ್ಲೇ ಮಲಗಿರಬೇಕು, ಉಸಿರು ಹಿಡಿದರೆ ನೇರ ಆಸ್ಪತ್ರೆಗೆ ಹೋಗಬೇಕು. ಅಷ್ಟನ್ನೂ ಚಂದ್ರುಗೆ ಎರಡೆರಡು ಸಲ ಹೇಳಿದೆ. ಅವನು ಕ್ಯಾಲೆಂಡರಿನಲ್ಲಿ ಶನಿವಾರಕ್ಕೆ ಸುತ್ತು ಹಾಕಿ 'ಆರು' ಎಂದು ಬರೆದುಕೊಂಡ. ನನ್ನ ನಂಬರನ್ನೂ ಬರೆದುಕೊಂಡ. ವಾಪಸು ಬರುವಾಗ ಮನಸ್ಸು ಹಗುರಾಗಿತ್ತು. ದೊಡ್ಡ ಗಂಡಾಂತರ ಕೂದಲೆಳೆಯಲ್ಲಿ ತಪ್ಪಿತು ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಹೋಗಿ ಕೂತೆ. ಇನ್ನೆಂದೂ ಹೀಗಾಗಬಾರದು ಎಂಬ ಹಟ. ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ. ಸರ್ವರ್ ಆನ್ ಆದಾಗ ಹಳೆಯ ಚೀಟಿ ಇದ್ದರೆ ಮೊದಲು ಅದನ್ನು ಅಳಿಸಬೇಕು. ನಂಬರಿನ ಜೊತೆ ಹೆಸರನ್ನೂ ಕೇಳಬೇಕು. ಗೇಟ್‌ವೇ ಏಳದಿದ್ದರೆ ನನ್ನ ಮೊಬೈಲಿಗೆ ಗಂಟೆ ಹೊಡೆಯಬೇಕು. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಎದ್ದ ತಕ್ಷಣ, ಹೊಸದನ್ನು ಮುಟ್ಟುವ ಮೊದಲು, ಬಾಕಿ ಉಳಿದದ್ದನ್ನೆಲ್ಲ ಕಳಿಸು. ಒಂದು ಮೆಸೇಜೂ ಇನ್ನು ಕೊಳೆಯುತ್ತಾ ಬೀಳಬಾರದು. ದುರ್ಗಮ್ಮನನ್ನು ನೆನೆದೇ ಆ ಸಾಲು ಬರೆದೆ. ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ಆದರೂ ಹೇಳಬೇಕು.

ಈ ಸಲ ಪರೀಕ್ಷೆ ಮಾಡದೆ ಬಿಡಲಿಲ್ಲ. ವೀರಪ್ಪನವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹನ್ನೆರಡೂ ಹತ್ತಕ್ಕೆ ಸರ್ವರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಇಬ್ಬರೂ ಪರದೆ ನೋಡುತ್ತಾ ನಿಂತೆವು. ಚೀಟಿ ಅಳಿಸಲಾಗಿದೆ. ಗೇಟ್‌ವೇ ಶುರುವಾಗಿದೆ. ಬಾಕಿ: ಒಂದು. ಕಳಿಸಲಾಗಿದೆ. ತಲುಪಿದೆ.

"ಭೇಷ್ ಮಾರಾಯ" ಎಂದು ವೀರಪ್ಪನವರು ಬೆನ್ನು ತಟ್ಟಿದರು. ಆ ಒಂದು ಯಾರದು ಎಂದು ನಾನು ನೋಡಲಿಲ್ಲ. ಕೆಲಸ ಮಾಡಿತಲ್ಲ ಎಂಬ ಖುಷಿಯಲ್ಲಿದ್ದೆ. ಇಬ್ಬರೂ ಕೆಳಗಿಳಿದು ಹೋಗಿ ಕಾಫಿ ಕುಡಿದೆವು.

ಸಂಜೆ ಆರೂವರೆಗೆ ಚಂದ್ರು ಫೋನ್ ಮಾಡಿದ. ಅವನ ಮಾತು ಅರ್ಥವಾಗಲಿಲ್ಲ, ಅಳುತ್ತಿದ್ದ. ನಾನು ಭದ್ರಾವತಿಯ ಆಸ್ಪತ್ರೆ ಮುಟ್ಟುವಾಗ ದುರ್ಗಮ್ಮನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಕಾಲು ಹೊರಗಿತ್ತು. ಊದಿ ಬೆಳ್ಳಗಾಗಿತ್ತು.

ಏನಾಯಿತೆಂದು ತಿಳಿದದ್ದು ಐದು ದಿನ ಬಿಟ್ಟು, ಅವಳ ಮನೆಗೆ ಹೋದಾಗ. ತಂಗಿಯ ಕಡೆಯವರು ಪಾತ್ರೆ ಪಡಗ ಕಟ್ಟುತ್ತಿದ್ದರು. ಚಂದ್ರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದ.

"ಶುಕ್ರವಾರ ಹನ್ನೊಂದಕ್ಕೆ ಬಂತು ಸರ್ ಅವ್ವ. ಬಂದ ಕೂಡ್ಲೆ ನೀವು ಹೇಳಿದ್ದೆಲ್ಲ ಹೇಳಿದೀನಿ. ನಾಳೆ ಆರಕ್ಕೆ, ಇವತ್ತು ಮಲಕ್ಕೊ ಅಂದೆ. ಆಯ್ತಪ್ಪ ಅಂತು. ಫೋನ್ ಚಾರ್ಜಿಗೆ ಹಾಕ್ಕೊಟ್ಟೆ. ಅವ್ವ ಬಂದು ಒಂದು ತಾಸು ಕಳೆದಿರ್ಬೇಕು, ಟಿಣ್ ಅಂತು. ಓದಪ್ಪ ಅಂತ ತಂದು ಕೊಟ್ಟಿತು. ಇವತ್ತೇ ಎರಡು ಗಂಟೆಗೆ ಬನ್ನಿ ಅಂತಿತ್ತು. ನಾನೇ ಓದಿದ್ದು ಸರ್."

"ನಂಗೊಂದು ಫೋನ್ ಮಾಡ್ಬಾರ್ದಿತ್ತಾ ಚಂದ್ರು?"

"ಮಾಡಾಣ ಅಂದೆ. ಅವ್ವನೇ ಬ್ಯಾಡ ಅಂತು. ಬಾಯಿ ಮಾತು ನಂಬಬೇಡಿ, ಮೆಸೇಜ್ ಬಂದ್ರೆ ಬನ್ನಿ ಅಂತ ಆ ಸಾಮಿನೇ ಹೇಳಿದ್ದು, ಮೆಸೇಜ್ ಬಂದ ಮೇಲೆ ಸಾಮಿಗ್ಯಾಕೆ ತೊಂದ್ರೆ ಅಂತು. ನಾನೂ, ರಿಪೇರಿ ಬೇಗ ಮುಗಿದಿರ್ಬೇಕು, ಅದಕ್ಕೇ ಚೇಂಜ್ ಮಾಡಿದಾರೆ ಅಂದ್ಕೊಂಡೆ. ಎರಡಕ್ಕೆ ಬಿಟ್ಟೆ. ಬಾಗಿಲು ಹಾಕಿತ್ತು. ಮೆಸೇಜ್ ಐತಲ್ಲ, ತೆಗೀತಾರೆ, ನೀನು ಬಾಡಿಗೆ ನೋಡ್ಕೊ ಹೋಗು ಅಂತು. ನಾನೂ ಹೋದೆ ಸರ್."

ರಿಪೇರಿಯವರು ಹಿಂದಿನ ಶೆಡ್ಡಿನಲ್ಲಿದ್ದರು, ಮುಂದೆ ಯಾರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ದುರ್ಗಮ್ಮ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತೇ ಇದ್ದಳು. ಚಂದ್ರು ಕರೆದೊಯ್ಯಲು ಬಂದಾಗ ಐದೂ ಮುಕ್ಕಾಲು. ಗೋಡೆಗೆ ಒರಗಿ, ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳಂತೆ. ಕೈಯೊಳಗೆ ಫೋನು.

ಸತ್ತವಳ ಫೋನನ್ನು ಯಾರೂ ತೆಗೆದುಕೊಂಡಿರಲಿಲ್ಲ. ಚಂದ್ರು ಒಳಗಿಂದ ತಂದು ನನ್ನ ಕೈಯಲ್ಲಿಟ್ಟ. ಬಟ್ಟೆಯ ಚೀಲದ ಸಮೇತ. ಮೆಸೇಜುಗಳನ್ನು ತೆರೆದೆ. ಎರಡು ವರ್ಷದಲ್ಲಿ ನಮ್ಮ ಗೇಟ್‌ವೇಯಿಂದ ಹೋದದ್ದೆಲ್ಲ ಹಾಗೇ ಇದ್ದವು, ಒಂದನ್ನೂ ಅಳಿಸಿರಲಿಲ್ಲ. ತೀರಾ ಕೆಳಗೆ, ಮೊದಲನೆಯದು: ದುರ್ಗಮ್ಮನವರೇ, ಊಟ ಆಯ್ತಾ? ಎಲ್ಲಕ್ಕಿಂತ ಮೇಲೆ, ಶುಕ್ರವಾರ ಹನ್ನೆರಡೂ ಹನ್ನೆರಡರದು.

ಹೊರಡುವ ಮೊದಲು ವೀರಪ್ಪನವರು ನನಗೆ ಹೇಳಿ ಕಳಿಸಿದ್ದರು. ಯಾರಾದರೂ ಕೇಳಿದರೆ ಸಿಸ್ಟಮ್ಮಿನದು ಅಂದುಬಿಡು, ಮನುಷ್ಯರ ತಪ್ಪು ಅಲ್ಲ ಅನ್ನು. ಇಪ್ಪತ್ತು ವರ್ಷದಿಂದ ನಾನು ಹೇಳಿಕೊಂಡು ಬಂದದ್ದೂ ಅದನ್ನೇ. ಸಿಸ್ಟಮ್ ಕಳಿಸಿದೆ, ಸಿಸ್ಟಮ್ ಕಳಿಸಿಲ್ಲ. ನಾಲಗೆಯ ತುದಿಯಲ್ಲಿ ಅದೇ ಮಾತು ಸಿದ್ಧವಾಗಿತ್ತು.

ಚಂದ್ರು ನನ್ನ ಮುಖವನ್ನೇ ನೋಡುತ್ತಿದ್ದ. ಐದು ದಿನದಿಂದ ಅವನು ಊಟ ನಿದ್ದೆ ಬಿಟ್ಟಿದ್ದು ಕಾಣುತ್ತಿತ್ತು. ತಾನೇ ಓದಿ, ತಾನೇ ಕರೆದುಕೊಂಡು ಹೋಗಿ, ತಾನೇ ಬಿಟ್ಟು ಬಂದೆ ಎಂದು ಕೊರಗುತ್ತಿದ್ದ.

"ಒಂದೇ ಒಂದು ಕೇಳ್ತೀನಿ ಸರ್" ಅಂದ. "ಸೆಂಟರಿನವರು ನಾವು ಕಳಿಸಿಲ್ಲ ಅಂತಾರೆ. ಅವತ್ತು ಬಾಗಿಲೇ ತೆಗೆದಿಲ್ಲ, ನಾವ್ಯಾಕೆ ಕಳಿಸ್ತೀವಿ ಅಂತಾರೆ. ಮತ್ತೆ ಇದನ್ನ ಕಳಿಸಿದ್ದು ಯಾರು?"

"ನಾನು" ಅಂದೆ.